ಒಲ್ಲದ ವೀರನ ದಂಡಯಾತ್ರೆ: ನಗು ಕಿವಿಗೆ ತಲುಪುವುದು ಹೇಗೆ?

ಪ್ರಶ್ನೆ: ನಾಲ್ವರು ಗೆಳೆಯರು ಸೇರಿ ಹಾಸ್ಯದ ಧ್ವನಿನಾಟಕವೊಂದನ್ನು ಮಾಡುತ್ತಿದ್ದೇವೆ. ಯುರೋಪಿನ ಮಧ್ಯಯುಗದಂಥ ಒಂದು ಕಾಲ್ಪನಿಕ ರಾಜ್ಯ. ಡ್ರ್ಯಾಗನ್ ಕೊಂದು ಬಾ ಎಂದು ರಾಜ ಒಬ್ಬ ನೈಟ್‌ಗೆ ಆಜ್ಞೆ ಮಾಡುತ್ತಾನೆ; ಅವನಿಗೆ ಹೋಗಲು ಸುತರಾಂ ಇಷ್ಟವಿಲ್ಲ. ಜೊತೆಗೆ ಒಬ್ಬ ಸೇವಕ, ಒಂದು ಕುದುರೆ. ಮೊದಲ ಕಂತು 28 ನಿಮಿಷ ಬಂದಿದೆ. ಕೋಣೆಯಲ್ಲಿ ಒಂದೇ ಮೈಕ್ ಸುತ್ತ ನಿಂತು ರೆಕಾರ್ಡ್ ಮಾಡಿದೆವು. ಕೇಳಿದವರು ನಕ್ಕದ್ದು ಎರಡೇ ಕಡೆ. ಕಾಳಗದಲ್ಲಿ ಏನಾಯಿತೆಂದೇ ತಿಳಿಯಲಿಲ್ಲ, ಎಲ್ಲರ ದನಿಯೂ ಒಂದೇ ಥರ ಇದೆ ಎಂದರು. ಮತ್ತೆ ರೆಕಾರ್ಡ್ ಮಾಡುವ ಮೊದಲು ಏನೇನು ಬದಲಿಸಬೇಕು?

ಉತ್ತರ: ಮೈಕ್ ಮುಟ್ಟುವ ಮೊದಲು ಸ್ಕ್ರಿಪ್ಟ್ ಹಿಡಿದು ಕೂರಿ. 'ನಾನು ಹೋಗಲ್ಲ' ಎಂಬ ಅರ್ಥದ ಮಾತನ್ನು ನಿಮ್ಮ ನಾಯಕ ಎಷ್ಟು ಸಲ ಆಡುತ್ತಾನೆ ಎಂದು ಅಡಿಗೆರೆ ಎಳೆಯುತ್ತಾ ಎಣಿಸಿ. ಇಂಥ ನಾಟಕಗಳಲ್ಲಿ ನಗು ಬತ್ತುವುದು ಹೆಚ್ಚಾಗಿ ಇಲ್ಲೇ. ರಂಗದ ಮೇಲಾದರೆ ನಟ ಒಲ್ಲದ ಮನಸ್ಸನ್ನು ಮುಖದಲ್ಲಿ, ಜೋತುಬಿದ್ದ ಹೆಗಲಲ್ಲಿ, ಎಳೆದಿಡುವ ಹೆಜ್ಜೆಯಲ್ಲಿ ತೋರಿಸುತ್ತಾನೆ. ಮಾತಿಲ್ಲದೆಯೂ ಜನ ನಗುತ್ತಾರೆ. ಕಿವಿಗೆ ಸಿಗುವುದು ಮಾತು, ಸದ್ದು, ಮೌನ, ಇಷ್ಟೇ. ಒಲ್ಲೆನೆನ್ನುವುದು ಬರೀ ಮಾತಾಗಿ ಉಳಿದರೆ ಮೊದಲ ಸಲ ತಮಾಷೆ, ಎರಡನೇ ಸಲ ಗೊತ್ತಿದ್ದ ಸಂಗತಿ, ಮೂರನೇ ಸಲ ಗೊಣಗಾಟ.

ಆದ್ದರಿಂದ ಅಡಿಗೆರೆ ಬಿದ್ದ ಪ್ರತಿ ಮಾತನ್ನೂ ಅಳಿಸಿ, ಆ ಜಾಗದಲ್ಲಿ ತಪ್ಪಿಸಿಕೊಳ್ಳುವ ಒಂದು ಉಪಾಯ ಇಡಿ. ಒಲ್ಲದ ವೀರ ಸೋಮಾರಿಯಾಗಿರಬಾರದು. ನಾಟಕದಲ್ಲಿ ಎಲ್ಲರಿಗಿಂತ ಹೆಚ್ಚು ಕಷ್ಟಪಡುವವನು ಅವನೇ ಆಗಿರಬೇಕು. ಹೋಗದೆ ಇರುವುದಕ್ಕಾಗಿ ಅವನು ಪಡುವ ಪಾಡು ಹೋಗುವ ಪಾಡಿಗಿಂತ ದೊಡ್ಡದಾದಾಗ ನಗು ತಾನಾಗಿ ಬರುತ್ತದೆ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಉಪಾಯ ಸೋತು ಅವನು ಸಿಕ್ಕಿಬಿದ್ದರೆ ನಗು ಅರ್ಧ. ಉಪಾಯ ಪೂರ್ತಿ ಗೆದ್ದು, ಆ ಗೆಲುವೇ ಅವನನ್ನು ಡ್ರ್ಯಾಗನ್ ಕಡೆಗೆ ಇನ್ನೊಂದು ಮೈಲಿ ತಳ್ಳಿದರೆ ಪೂರ್ತಿ ನಗು.

ಒಂದು ಉದಾಹರಣೆ ನೋಡೋಣ. ಶಿರಸ್ತ್ರಾಣ ಹಿಡಿಸದಿದ್ದರೆ ಯುದ್ಧಕ್ಕೆ ಕಳಿಸುವಂತಿಲ್ಲ ಎಂಬ ನಿಯಮ ಅವನ ಕಣ್ಣಿಗೆ ಬೀಳುತ್ತದೆ. ಕಮ್ಮಾರನನ್ನು ತನ್ನ ಕಡೆ ಮಾಡಿಕೊಂಡು ಎರಡು ಬೆರಳು ಚಿಕ್ಕದಾಗಿ ಮಾಡಿಸುತ್ತಾನೆ. ಕಮ್ಮಾರ ಹೇಳಿದಂತೆಯೇ ಮಾಡಿಕೊಡುತ್ತಾನೆ. ಆಸ್ಥಾನದ ಎದುರು 'ನೋಡಿ, ಹಿಡಿಸೋದೇ ಇಲ್ಲ' ಎಂದು ತೋರಿಸಲು ಹೋದಾಗ ರಾಜ ಉತ್ಸಾಹದಿಂದ ಮೇಲಿಂದ ಒಂದು ಗುದ್ದು ಹಾಕುತ್ತಾನೆ. ಶಿರಸ್ತ್ರಾಣ ತಲೆಗೆ ಇಳಿಯುತ್ತದೆ, ಮತ್ತೆ ಬರುವುದಿಲ್ಲ. ಒಳಗಿಂದ ಅವನು 'ತೆಗೀರಿ' ಎಂದು ಒದ್ದಾಡುವುದು ಹೊರಗಿನವರಿಗೆ ಬೇರೆಯೇ ಆಗಿ ಕೇಳಿಸುತ್ತದೆ: ಡ್ರ್ಯಾಗನ್ ಸಾಯುವವರೆಗೆ ತೆಗೆಯುವುದಿಲ್ಲ ಎಂದು ವೀರ ಶಪಥ ಮಾಡಿದ ಎಂದು ಜಯಘೋಷ. ಈ ಪ್ರಸಂಗ ಕಣ್ಣಿಗಿಂತ ಕಿವಿಗೆ ಹೆಚ್ಚು ಒಗ್ಗುತ್ತದೆ, ಏಕೆಂದರೆ ಇಲ್ಲಿ ತಪ್ಪು ತಿಳಿವಳಿಕೆ ಹುಟ್ಟುವುದೇ ಕೇಳುವುದರಿಂದ. ನಿಮ್ಮ ಕಂತಿನ ಪ್ರತಿ ದೃಶ್ಯಕ್ಕೂ ಇದೇ ಪ್ರಶ್ನೆ ಹಾಕಿ: ಇದು ಕೇಳುವುದರಿಂದ ಹುಟ್ಟಿದ ನಗೆಯೇ, ಅಥವಾ ನೋಡುವ ನಗೆಯನ್ನು ಮಾತಿನಲ್ಲಿ ವರದಿ ಮಾಡುತ್ತಿದ್ದೀರಾ?

ಅವನಿಗೆ ಏಕೆ ಇಷ್ಟವಿಲ್ಲ ಎಂಬುದೂ ಖಚಿತವಾಗಿರಲಿ. ಬರೀ ಭಯ ಎಂದರೆ ಯಾರದೋ ಭಯ. 'ಹುಲ್ಲಿನ ಬುಟ್ಟಿಗಳಲ್ಲಿ ಜೇನು ಸಾಕಿದ್ದೇನೆ, ಈ ವಾರ ತುಪ್ಪ ಇಳಿಸಬೇಕು' ಎಂದರೆ ಅವನದೇ ಕಾರಣ. ಅಂಥ ಕಾರಣ ಮುಂದೆ ಕೆಲಸಕ್ಕೂ ಬರುತ್ತದೆ: ಹೊಗೆ ಹಾಕಿದರೆ ಜೇನ್ನೊಣ ಶಾಂತವಾಗುತ್ತದೆ ಎಂದು ಬಲ್ಲವನು ಹೊಗೆಯುಗುಳುವ ಡ್ರ್ಯಾಗನ್ ಎದುರು ನಿಂತಾಗ ಅವನ ತಲೆ ಯಾವ ಕಡೆ ಓಡುತ್ತದೆ ಎಂದು ನೀವೇ ಊಹಿಸಬಹುದು.

ಇನ್ನು ದನಿಗಳು. 'ಎಲ್ಲರೂ ಒಂದೇ ಥರ' ಎಂಬ ದೂರು ಬಂದಾಗ ನಟರು ತಕ್ಷಣ ಗಂಟಲು ದಪ್ಪ ಮಾಡುತ್ತಾರೆ, ಕೀರಲು ಮಾಡುತ್ತಾರೆ. ಹತ್ತು ನಿಮಿಷದಲ್ಲಿ ಗಂಟಲು ಸೋಲುತ್ತದೆ, ದನಿ ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ. ಕೇಳುಗ ಪಾತ್ರವನ್ನು ಗುರುತಿಸುವುದು ಸ್ವರದ ಎತ್ತರಕ್ಕಿಂತ ಹೆಚ್ಚಾಗಿ ಮಾತಿನ ನಡಿಗೆಯಿಂದ. ರಾಜನಿಗೆ ಮೂರು ಸಾಲಿನ ಗ್ರಾಂಥಿಕ ವಾಕ್ಯ ಕೊಡಿ, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೋ ಎಂದು ಕೇಳುಗನಿಗೇ ಚಿಂತೆಯಾಗಲಿ. ಸೇವಕ ಬರೀ ಪ್ರಶ್ನೆಯಲ್ಲೇ ಮಾತಾಡಲಿ. ನಾಯಕನ ವಾಕ್ಯ ನಡುವೆ ಮುರಿದು ಬೇರೆ ದಾರಿ ಹಿಡಿಯಲಿ.

ಈ ಕೆಲಸಕ್ಕೆ ಕನ್ನಡ ಬಹಳ ಒದಗಿಬರುವ ಭಾಷೆ, ಅದನ್ನು ಬಿಟ್ಟುಕೊಡಬೇಡಿ. 'ಮಾಡುತ್ತಿದ್ದೇನೆ' ಮತ್ತು 'ಮಾಡ್ತಿದೀನಿ' ನಡುವಿನ ಅಂತರವೇ ಒಂದು ವೇಷಭೂಷಣ. ಎಲ್ಲರೂ ಬರೆದ ಕನ್ನಡವನ್ನು ಬರೆದಂತೆಯೇ ಓದಿದರೆ ನಾಲ್ವರೂ ವಾರ್ತೆ ಓದಿದಂತೆ ಕೇಳಿಸುತ್ತದೆ. ನಿಮ್ಮ ಕಂತಿನಲ್ಲಿ ಆಗಿರುವುದೂ ಇದೇ ಇರಬೇಕು. ನಾಯಕನನ್ನು ಆಡುಮಾತಿನಲ್ಲಿ ಇಡಿ, ಹೆದರಿದಾಗ ಮಾತ್ರ ಅವನು ಗ್ರಾಂಥಿಕಕ್ಕೆ ಜಾರಲಿ: 'ಈ ಗುಹೆಯೊಳಗೆ ಬರಲು ನಾನು ಸಮರ್ಥನಲ್ಲ.' ಮೂರನೇ ಸಲ ಅವನ ಕನ್ನಡ ಶುದ್ಧವಾದ ಕೂಡಲೇ ಅಪಾಯ ಹತ್ತಿರವಿದೆ ಎಂದು ಕೇಳುಗನಿಗೆ ತಿಳಿಯುತ್ತದೆ. ಸರ್ವನಾಮಗಳೂ ಹಾಗೆಯೇ. 'ಎಲ್ಲಿದೀಯೋ ಹಲ್ಲಿ, ಬಾ ಹೊರಗೆ' ಎಂದು ಕೂಗಿದವನು ಡ್ರ್ಯಾಗನ್ ಉಸಿರು ಕೇಳಿದ ಮರುಕ್ಷಣ 'ತಾವು ಮಲಗಿದ್ದಿರಾ?' ಎನ್ನುವುದಕ್ಕೆ ಬೇರೆ ಯಾವ ಧ್ವನಿಪರಿಣಾಮವೂ ಬೇಡ.

ಅಂದಹಾಗೆ, 'ನೈಟ್' ಎಂಬ ಪದವನ್ನು ನಾಟಕದೊಳಗೆ ತರಬೇಡಿ. ಓದುವಾಗ ಸಂದರ್ಭ ಕಾಪಾಡುತ್ತದೆ, ಕಿವಿಗೆ ಅದು ರಾತ್ರಿಯೂ ಹೌದು. 'ವೀರ', 'ಯೋಧ' ಸಾಕು. ಹೆಸರುಗಳೂ ಬೇರೆ ಬೇರೆ ಅಕ್ಷರದಿಂದ ಶುರುವಾಗಲಿ, ಉದ್ದವೂ ಬೇರೆ ಇರಲಿ. ದೃಶ್ಯದ ಮೊದಲ ಮೂರು ನಾಲ್ಕು ಮಾತುಗಳಲ್ಲಿ ಅಲ್ಲಿರುವ ಪ್ರತಿಯೊಬ್ಬರ ಇರುವಿಕೆಯೂ ದಾಖಲಾಗಬೇಕು. ಅರ್ಧ ನಿಮಿಷ ಸುಮ್ಮನಿದ್ದ ಪಾತ್ರ ಕೇಳುಗನ ಪಾಲಿಗೆ ಕೋಣೆ ಬಿಟ್ಟು ಹೋದಂತೆ. ಆಮೇಲೆ ಅದು ಮಾತಾಡಿದರೆ ಬೆಚ್ಚಿಬೀಳುತ್ತಾನೆ. ಮಾತಿಲ್ಲದಿದ್ದರೆ ಒಂದು ಕೆಮ್ಮು, ನಿಟ್ಟುಸಿರು, ಕವಚದ ಕಿಣಿ ಸಾಕು. ಒಂದು ದೃಶ್ಯದಲ್ಲಿ ನಾಲ್ಕಕ್ಕಿಂತ ಹೆಚ್ಚು ಮಾತಾಡುವ ಪಾತ್ರಗಳಿದ್ದರೆ ಒಡೆದು ಎರಡು ದೃಶ್ಯ ಮಾಡಿ.

ನಗೆಯ ಪದ ವಾಕ್ಯದ ಎಲ್ಲಿದೆ ಎಂದೂ ನೋಡಿಕೊಳ್ಳಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹಾಗಾಗಿ ಬರೆಯುವಾಗ ನಗೆಯ ಪದ ನಡುವೆ ಹೂತುಹೋಗುತ್ತದೆ. 'ನಾನು ನಿದ್ದೆಯಲ್ಲಿ ಮೂರು ಡ್ರ್ಯಾಗನ್ ಕೊಂದಿದ್ದೇನೆ' ಎಂದರೆ ಸಪ್ಪೆ. 'ಮೂರು ಡ್ರ್ಯಾಗನ್ ಕೊಂದಿದೀನಿ ನಾನು. ನಿದ್ದೇಲಿ.' ಆಡುಮಾತು ಕ್ರಿಯಾಪದದ ಆಚೆಗೂ ಪದ ಇಡಲು ಬಿಡುತ್ತದೆ, ಬಳಸಿಕೊಳ್ಳಿ. ಆ ಪದದ ಮೇಲೆ ಯಾವ ಸದ್ದೂ ಬೀಳಬಾರದು. ಆಮೇಲೆ ಅರ್ಧದಿಂದ ಒಂದು ಸೆಕೆಂಡ್ ಬಿಡಿ, ಹೆಚ್ಚು ಬೇಡ. ರಂಗಮಂದಿರದಲ್ಲಿ ನಗು ಆ ಜಾಗ ತುಂಬುತ್ತದೆ, ಇಯರ್‌ಫೋನ್ ಹಾಕಿಕೊಂಡು ಒಬ್ಬನೇ ಕೇಳುವವನಿಗೆ ಎರಡು ಸೆಕೆಂಡ್ ಮೌನ ಎಂದರೆ ಫೈಲ್ ನಿಂತುಹೋಯಿತೇನೋ ಎಂಬ ಅನುಮಾನ.

ಕಾಳಗದ ದೃಶ್ಯ ಅರ್ಥವಾಗದಿರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಕಿವಿ ಎಲ್ಲಿ ನಿಂತಿದೆ ಎಂದು ತೀರ್ಮಾನವಾಗಿಲ್ಲ. ಎರಡು, ಎಲ್ಲ ಸದ್ದೂ ಒಟ್ಟಿಗೆ ಬಂದಿವೆ. ಕೇಳುಗನನ್ನು ಒಂದೇ ಜಾಗದಲ್ಲಿ ನಿಲ್ಲಿಸಿ, ಅದು ನಾಯಕನ ಪಕ್ಕವೋ, ಮರದ ಹಿಂದೆ ಅಡಗಿದ ಸೇವಕನ ಪಕ್ಕವೋ ನೀವೇ ಆರಿಸಿ, ದೃಶ್ಯ ಮುಗಿಯುವವರೆಗೆ ಬದಲಿಸಬೇಡಿ. ಒಂದು ಕ್ಷಣಕ್ಕೆ ಮುಂದೆ ಒಂದು ಸದ್ದು, ನಡುವೆ ಒಂದು, ಹಿಂದೆ ಒಂದು. ನಾಲ್ಕನೆಯದು ಬಂದರೆ ಎಲ್ಲವೂ ಗದ್ದಲ. ಪ್ರತಿ ಹೊಡೆತವನ್ನೂ ಮೂರು ತುಂಡು ಮಾಡಿ: ಬೀಸಿದ ಸದ್ದು, ತಗುಲಿದ ಸದ್ದು, ತಗುಲಿಸಿಕೊಂಡವನ ಪ್ರತಿಕ್ರಿಯೆ. ಮೂರನೆಯದು ಇಲ್ಲದಿದ್ದರೆ ಯಾರಿಗೆ ಬಿತ್ತು ಎಂದು ತಿಳಿಯುವುದೇ ಇಲ್ಲ. ಇಡೀ ಕಾಳಗ ಒಂದೂವರೆ ನಿಮಿಷ ದಾಟದಿರಲಿ.

'ಅಯ್ಯೋ, ಅವನು ಕತ್ತಿ ಎತ್ತಿದ!' ಎಂಬಂಥ ವಿವರಣೆಯ ಮಾತು ಎಲ್ಲ ಧ್ವನಿನಾಟಕಕಾರರ ಪಾಲಿಗೂ ಹಳೆಯ ತಲೆನೋವು. ರೇಡಿಯೋಗೆಂದೇ ಬರೆದ ಮೊದಲ ನಾಟಕಗಳಲ್ಲಿ ಒಂದೆಂದು ಹೆಸರಾದ ರಿಚರ್ಡ್ ಹ್ಯೂಸ್ ಅವರ 'ಡೇಂಜರ್' 1924ರ ಜನವರಿಯಲ್ಲಿ ಬಿಬಿಸಿಯಲ್ಲಿ ಪ್ರಸಾರವಾಯಿತು. ಕಲ್ಲಿದ್ದಲ ಗಣಿಯಲ್ಲಿ ದೀಪ ಆರಿಹೋಗಿ ಕತ್ತಲಲ್ಲಿ ಸಿಕ್ಕಿಕೊಂಡವರ ಕಥೆ ಅದು. ಕೇಳುಗನಿಗೆ ಕಾಣದು, ಪಾತ್ರಗಳಿಗೂ ಕಾಣದು. ಆದ್ದರಿಂದ ಅವರು ಒಬ್ಬರಿಗೊಬ್ಬರು ಕೇಳುವುದು, ಹೇಳುವುದು ಸಹಜವಾಯಿತು. ಅದೇ ಸೂತ್ರ ನಿಮ್ಮ ಕೈಯಲ್ಲೂ ಇದೆ. ಶಿರಸ್ತ್ರಾಣ ಸಿಕ್ಕಿಹಾಕಿಕೊಂಡ ನಾಯಕನಿಗೆ ಏನೂ ಕಾಣುವುದಿಲ್ಲ, ಸೇವಕ ಹೇಳಲೇಬೇಕು.

'ಎಡಕ್ಕೆ ಒಡೆಯಾ, ಎಡಕ್ಕೆ!'
'ಯಾರ ಎಡ?'
'ನಿಮ್ಮ ಎಡ!'
'ನಾನು ಯಾವ ಕಡೆ ಮುಖ ಮಾಡಿದೀನಿ?'

ಈ ನಾಲ್ಕು ಮಾತಿನಲ್ಲಿ ವಿವರಣೆಯೂ ಆಯಿತು, ಅಪಾಯವೂ ಇದೆ, ನಗೆಯೂ ಇದೆ.

ಶಿರಸ್ತ್ರಾಣದೊಳಗಿನ ದನಿಗೆ ಸುಲಭ ದಾರಿ ದೊಡ್ಡ ಉಕ್ಕಿನ ಪಾತ್ರೆಯನ್ನು ಬಾಯಿಯ ಮುಂದೆ ಹಿಡಿದು ಮಾತಾಡುವುದು. ಆದರೆ ಒಮ್ಮೆ ಹಾಗೆ ರೆಕಾರ್ಡ್ ಆದರೆ ಬಿಡಿಸಲಾಗದು. ಮಾಮೂಲಾಗಿ ರೆಕಾರ್ಡ್ ಮಾಡಿ, ದನಿಯ ಕೆಳಗಿನ, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಈಕ್ವಲೈಜರ್‌ನಲ್ಲಿ ಮಾಡುವುದೇ ಮೇಲು: 200 ಹರ್ಟ್ಸ್ (ಸ್ವರದ ಎತ್ತರದ ಅಳತೆ) ಕೆಳಗಿನದನ್ನು ಕತ್ತರಿಸಿ, 500ರಿಂದ 800ರ ಸುತ್ತ 4ರಿಂದ 6 ಡಿಬಿ (ಡೆಸಿಬೆಲ್, ಸದ್ದಿನ ಜೋರಿನ ಅಳತೆ) ಏರಿಸಿ, ಮೇಲಿನದನ್ನು 3,500 ಹರ್ಟ್ಸ್‌ನಿಂದಾಚೆ ಇಳಿಸಿ, ಜೊತೆಗೆ ಅತಿ ಚಿಕ್ಕ ರಿವರ್ಬ್, ಅಂದರೆ ಪ್ರತಿಧ್ವನಿಯ ಪರಿಣಾಮ. 3,500ಕ್ಕಿಂತ ಕೆಳಗಿನಿಂದಲೇ ಕತ್ತರಿಸಿದರೆ ಸ, ಶ, ಚ, ತ ಮಂಕಾಗಿ ಮಾತು ತಿಳಿಯದು. ಹೀಗೆ ಮಂದವಾದ ದನಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಕೇಳುವುದು ಯಾರಿಗಾದರೂ ಆಯಾಸ. ಮುಖದ ಮುಚ್ಚಳ ಮಾತ್ರ ತೆರೆಯುತ್ತದೆ ಎಂದು ಮಾಡಿಕೊಳ್ಳಿ. ಕಿರ್ರ್ ಎಂದು ತೆರೆದಾಗ ದನಿ ಸ್ವಚ್ಛ, ತಾನಾಗಿ ಟಪ್ಪೆಂದು ಬಿದ್ದಾಗ ಮತ್ತೆ ಮಂದ. ಆ ಮುಚ್ಚಳ ಬೇಡದ ಹೊತ್ತಿಗೇ ಬೀಳುವುದು ನಿಮ್ಮ ಇಡೀ ಸರಣಿಯ ನಗೆಯಾಗಬಲ್ಲದು.

ಕವಚದ ಸದ್ದಿನಲ್ಲಿ ಬಹಳಷ್ಟು ಜನ ಎಡವುತ್ತಾರೆ, ಆನೆ ನಡೆದಂತೆ ಧಡಧಡ ಮಾಡಿಬಿಡುತ್ತಾರೆ. ಮೈತುಂಬಾ ತೊಡುವ ಉಕ್ಕಿನ ತಗಡಿನ ಕವಚ ಸುಮಾರು 15ರಿಂದ 25 ಕಿಲೋ. ಭಾರ ಮೈಯೆಲ್ಲ ಹಂಚಿಹೋಗುವುದರಿಂದ ತೊಟ್ಟವನು ಓಡಬಲ್ಲ, ಕುದುರೆ ಹತ್ತಬಲ್ಲ. ಕೇಳಿಸುವುದು ತಗಡುಗಳ ಸಣ್ಣ ಉಜ್ಜಾಟ, ಪಟ್ಟಿಗಳ ಕಿರುಗು. ಎರಡು ಉಕ್ಕಿನ ಚಮಚ, ಒಂದು ಬೀಗದ ಕೈ ಗೊಂಚಲು, ಬೆಲ್ಟಿನ ಬಕಲ್ ಇವನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಅಲುಗಿಸಿದರೆ ಸಾಕು. ಹಳೆಯ ಚರ್ಮದ ಬೆಲ್ಟನ್ನು ಮೈಕ್ ಹತ್ತಿರ ತಿರುಚಿದರೆ ಪಟ್ಟಿಯ ಸದ್ದು. ಇದನ್ನು ಮಾತಿನ ಜೊತೆಗೇ ರೆಕಾರ್ಡ್ ಮಾಡಬೇಡಿ, ಆಮೇಲೆ ಮಾತನ್ನು ಕತ್ತರಿಸಲಾಗದು. ಮಾತಿನ ಎಡಿಟ್ ಮುಗಿದ ಮೇಲೆ ಅದನ್ನು ಕೇಳುತ್ತಾ ಬೇರೆ ಟ್ರ್ಯಾಕ್‌ನಲ್ಲಿ ಮಾಡಿ.

ಕತ್ತಿಯೂ ಅಷ್ಟೆ. ಚರ್ಮ, ಮರದ ಒರೆಯಿಂದ ಎಳೆದಾಗ 'ಶ್ಶಿಂಗ್' ಎಂಬ ಲೋಹದ ಸದ್ದು ಬರುವುದಿಲ್ಲ, ಆದರೂ ಕೇಳುಗ ಅದನ್ನೇ ಎದುರು ನೋಡುತ್ತಾನೆ. ಈ ನಿರೀಕ್ಷೆಯನ್ನು ಹಾಸ್ಯಕ್ಕೆ ಬಳಸಿ. ಎದುರಾಳಿಗೆ ಉಕ್ಕಿನ ಸ್ಕೇಲ್ ಮೇಲೆ ಚಾಕುವಿನ ಬೆನ್ನು ಎಳೆದು ಭರ್ಜರಿ ಶ್ಶಿಂಗ್ ಕೊಡಿ; ನಾಯಕನದು ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲಲಿ. ಒಂದು ಕೈಯಲ್ಲಿ ಹಿಡಿಯುವ ಕತ್ತಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಿಲೋದೊಳಗೆ ಇರುತ್ತದೆ, ಆದ್ದರಿಂದ ಬೀಸುವ ಸದ್ದು ಚುರುಕಾಗಿರಲಿ: ತೆಳು ಬೆತ್ತವನ್ನು ಮೈಕ್‌ನಿಂದ ಅರ್ಧ ಮೀಟರ್ ದೂರದಲ್ಲಿ, ಅದರ ಕಡೆಗಲ್ಲ, ಅಡ್ಡಕ್ಕೆ ಬೀಸಿ.

ಕುದುರೆಗೆ ಎರಡು ಕರಟ ಇದ್ದರೆ ಆಯಿತು. ತಟ್ಟೆಯಲ್ಲಿ ಮಣ್ಣು ಹಾಕಿ ಅದರ ಮೇಲೆ ತಟ್ಟಿ. ಮೆತ್ತಗಿನ ನೆಲಕ್ಕೆ ಕರಟದೊಳಗೆ ಬಟ್ಟೆ ತುರುಕಿ. ಲಯ ತಪ್ಪಿದರೆ ಎಷ್ಟು ಚೆಂದದ ಸದ್ದಾದರೂ ಕುದುರೆ ಅನ್ನಿಸದು. ನಡಿಗೆಗೆ ನಾಲ್ಕು ಸಮನಾದ ಪೆಟ್ಟು, ಕುಲುಕು ನಡೆಗೆ (ಟ್ರಾಟ್) ಎರಡು, ಹಗುರ ಓಟಕ್ಕೆ ಮೂರು ಪೆಟ್ಟು ಆಮೇಲೆ ಒಂದು ಬಿಡುವು. ನಿಧಾನ ಸಾಗುವ ದೃಶ್ಯದಲ್ಲಿ ಎಲ್ಲರೂ ಮೂರು ಪೆಟ್ಟಿನ 'ಟಕಟಕ್ ಟಕಟಕ್' ಹಾಕುತ್ತಾರೆ, ಅದು ಓಟ. ಕುದುರೆಗೆ ಮಾತು ಕೊಡಬೇಡಿ. ಸರಿಯಾದ ಹೊತ್ತಿಗೆ ಒಂದು ತುಟಿ ಬಡಿತ ಕೊಟ್ಟರೆ ಅದು ಅಭಿಪ್ರಾಯ ಹೇಳಿದಂತೆ ಕೇಳಿಸುತ್ತದೆ.

ಡ್ರ್ಯಾಗನ್ ದನಿಯನ್ನು ಪೂರ್ತಿ ಒಂದು ಸ್ಥಾಯಿ, ಅಂದರೆ 12 ಸೆಮಿಟೋನ್ ಇಳಿಸಿದರೆ ಮಾತು ಗುಡುಗಿನಲ್ಲಿ ಮುಳುಗುತ್ತದೆ. 3ರಿಂದ 5 ಸೆಮಿಟೋನ್ ಇಳಿಸಿದ ದನಿ ಮುಂದಿರಲಿ, 12 ಇಳಿಸಿದ್ದನ್ನು ಅದರ ಕೆಳಗೆ 10ರಿಂದ 12 ಡಿಬಿ ಕಡಿಮೆ ಇಟ್ಟು ಬೆರೆಸಿ. ನಟ ಮೆಲ್ಲಗೆ, ಸೌಜನ್ಯದಿಂದ ಮಾತಾಡಲಿ. ಅಬ್ಬರಿಸಿದರೆ ಇಳಿಸಿದ ದನಿ ಒಡೆಯುತ್ತದೆ. ಬೆಂಕಿಗೆ ಗರಿಗರಿ ಪ್ಲಾಸ್ಟಿಕ್ ಹಾಳೆ ಮುದುಡುವ ಸದ್ದು, ರೆಕ್ಕೆಗೆ ಚರ್ಮದ ಕೈಗವಸು ಬಡಿಯುವ ಸದ್ದು.

ರೆಕಾರ್ಡಿಂಗ್ ವಿಷಯದಲ್ಲಿ ನಿಮ್ಮ ದೊಡ್ಡ ಶತ್ರು ಕೋಣೆಯ ಪ್ರತಿಧ್ವನಿ. ಬಯಲಲ್ಲಿ, ಕಾಡಿನಲ್ಲಿ ಗೋಡೆಗಳಿಲ್ಲ. ಗೋಡೆಯಿಂದ ಮರಳಿದ ದನಿ ಒಂದಿಷ್ಟು ಸೇರಿದರೂ ಎಷ್ಟೇ ಹಕ್ಕಿ ಸದ್ದು ಹಾಕಿದರೂ ಅದು ಕೋಣೆಯೇ. ರಿವರ್ಬ್ ಆಮೇಲೆ ಸೇರಿಸಬಹುದು, ತೆಗೆಯುವುದು ಬಲು ಕಷ್ಟ. ಮೂರು ಕಡೆ ದಪ್ಪ ಕಂಬಳಿ ಇಳಿಬಿಡಿ, ನಟನ ಬೆನ್ನ ಹಿಂದಿನದು ತಪ್ಪದೆ ಇರಲಿ, ಏಕೆಂದರೆ ಮೈಕ್ ನೋಡುತ್ತಿರುವುದು ಆ ಕಡೆಗೇ. ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕ್‌ಗೆ ಬಾಯಿಂದ 15ರಿಂದ 20 ಸೆಂಟಿಮೀಟರ್, ಸ್ವಲ್ಪ ಓರೆಯಾಗಿ ಮಾತಾಡಿದರೆ ಪ, ಬ, ಭ ಗಾಳಿ ಹೊಡೆಯುವುದಿಲ್ಲ. ಕೂಗುವಾಗ ಅರ್ಧ ಮೀಟರ್ ಹಿಂದೆ ಸರಿಯಬೇಕು. ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಇರಲಿ. ಮಾತಿನ ತುದಿ, ಅಂದರೆ ಅತಿ ಜೋರಿನ ಕ್ಷಣ, ಮೈನಸ್ 6 ಡಿಬಿ ದಾಟದಿರಲಿ. ಯಾರೂ ಮಾತಾಡದ ಕೋಣೆಯ ಮೌನವನ್ನೂ ಒಂದು ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹಾಸ್ಯದ ಬಿಡುವುಗಳನ್ನು ಹಿಗ್ಗಿಸಲು ಅದೇ ಬೇಕು. ಬರೀ ಖಾಲಿ ತುಂಡು ಹಾಕಿದರೆ ದನಿ ಕತ್ತರಿಸಿದಂತೆ ಕೇಳಿಸುತ್ತದೆ.

ನಾಲ್ವರು ಒಂದೇ ಮೈಕ್ ಸುತ್ತ ನಿಲ್ಲಬೇಡಿ, ಒಮ್ಮೆಗೆ ಇಬ್ಬರು. ಹಾಗೆಂದು ಒಬ್ಬೊಬ್ಬರನ್ನೇ ಬೇರೆ ಬೇರೆ ಮಾಡಿದರೆ ಹಾಸ್ಯ ಸಾಯುತ್ತದೆ, ಏಕೆಂದರೆ ಒಬ್ಬನ ಉಸಿರಿಗೆ ಇನ್ನೊಬ್ಬ ಉತ್ತರಿಸುವುದರಲ್ಲೇ ಅದರ ಜೀವ. ಎರಡು ಮೈಕ್ ಇದ್ದರೆ ಬಾಯಿಗೂ ಮೈಕ್‌ಗೂ ಇರುವ ದೂರದ ಮೂರು ಪಟ್ಟು ಅಂತರ ಮೈಕ್‌ಗಳ ನಡುವೆ ಇರಲಿ, ಇಲ್ಲದಿದ್ದರೆ ಒಬ್ಬರ ದನಿ ಎರಡರಲ್ಲೂ ಸಿಕ್ಕು ಟೊಳ್ಳಾಗುತ್ತದೆ. ಪ್ರತಿ ದೃಶ್ಯ ಮೂರು ಸಲ: ಬರೆದಂತೆ ಒಮ್ಮೆ, ಇನ್ನೂ ವೇಗವಾಗಿ ಒಮ್ಮೆ, ನಟರ ಇಷ್ಟಕ್ಕೆ ಒಮ್ಮೆ. ಬಳಕೆಗೆ ಬರುವುದು ಬಹಳ ಸಲ ಎರಡನೆಯದೇ.

ಎಡಿಟ್‌ನಲ್ಲಿ ಮೊದಲು ಬರೀ ಮಾತು ಜೋಡಿಸಿ ಕೇಳಿ. ಸದ್ದಿಲ್ಲದೆ ನಗು ಬರದ ದೃಶ್ಯಕ್ಕೆ ಸದ್ದು ಸೇರಿಸಿದರೂ ಬರದು. ಅದನ್ನು ಮತ್ತೆ ಬರೆಯಿರಿ. ನಿಮ್ಮ 28 ನಿಮಿಷ 20ಕ್ಕೆ ಇಳಿಯಬೇಕು, ಗೊಣಗಾಟ ಹೋದರೆ ಇಳಿಯುತ್ತದೆ. ಹಿನ್ನೆಲೆಯ ಕಾಡು, ಸಂತೆ, ಮಳೆಯ ಸದ್ದು ಮೂರು ನಾಲ್ಕು ಸೆಕೆಂಡ್ ಜೋರಾಗಿ ಕೇಳಿಸಿ, ಮಾತು ಶುರುವಾದ ಮೇಲೆ ಅದಕ್ಕಿಂತ 18ರಿಂದ 20 ಡಿಬಿ ಕೆಳಗೆ ಇಳಿಯಲಿ. ಜೋರು ದನಿ, ಮೆಲುದನಿಗಳ ಅಂತರ ಕುಗ್ಗಿಸುವ ಕಂಪ್ರೆಸರ್‌ಗೆ ಅನುಪಾತ 3ಕ್ಕೆ 1 ಸಾಕು. ಹೆಚ್ಚು ಹಿಂಡಿದರೆ ಪಿಸುಮಾತೂ ಕೂಗೂ ಒಂದೇ ಎತ್ತರವಾಗಿ ಹೆದರಿಕೆಯ ನಗೆಯೆಲ್ಲ ಹೋಗುತ್ತದೆ. ಕೊನೆಯ ಫೈಲಿನ ಒಟ್ಟಾರೆ ಜೋರು (ಎಲ್‌ಯುಎಫ್‌ಎಸ್ ಅದರ ಅಳತೆ) ಸ್ಟೀರಿಯೋ ಆದರೆ ಮೈನಸ್ 16 ಎಲ್‌ಯುಎಫ್‌ಎಸ್, ಮೋನೋ ಆದರೆ ಮೈನಸ್ 19, ತುದಿ ಮೈನಸ್ 1 ಡಿಬಿ. ಫೋನಿನ ಸ್ಪೀಕರ್‌ನಲ್ಲೂ ಒಮ್ಮೆ ಕೇಳಿ. ಅಲ್ಲಿ ಡ್ರ್ಯಾಗನ್ ಮಾತು ತಿಳಿಯದಿದ್ದರೆ ಕೆಳಗಿನ ಪದರ ಇನ್ನಷ್ಟು ತಗ್ಗಿಸಿ.

ಎಲ್ಲ ಮತ್ತೆ ಮಾಡುವ ಮೊದಲು ಕಾಳಗದ ದೃಶ್ಯವೊಂದನ್ನೇ ಮಾಡಿ, ಕಥೆ ಗೊತ್ತಿಲ್ಲದ ಮೂವರಿಗೆ ಬೇರೆ ಬೇರೆಯಾಗಿ ಕೇಳಿಸಿ. ಚೆನ್ನಾಗಿದೆಯೇ ಎಂದು ಕೇಳಬೇಡಿ, ಮರ್ಯಾದೆಗೆ ಹೌದೆನ್ನುತ್ತಾರೆ. ಯಾರು ಬಿದ್ದರು, ಯಾವುದರ ಮೇಲೆ ಬಿದ್ದರು, ಕುದುರೆ ಎಲ್ಲಿತ್ತು ಎಂದು ಮಾತ್ರ ಕೇಳಿ. ಮೂವರ ಉತ್ತರವೂ ಒಂದೇ ಆದರೆ ಉಳಿದ ದೃಶ್ಯಗಳಿಗೆ ಹೋಗಿ. ಬೇರೆ ಬೇರೆಯಾದರೆ ಎಲ್ಲಿ ದಾರಿ ಬೇರೆಯಾಯಿತೋ ಆ ಸೆಕೆಂಡ್‌ಗೆ ಹಿಂತಿರುಗಿ ಒಂದು ಸದ್ದು ತೆಗೆದುಹಾಕಿ, ಮತ್ತೆ ಬೇರೆ ಮೂವರಿಗೆ ಕೇಳಿಸಿ.